ಗಂಗಾಂಬಿಕೆಯ ಸಬ್‌ಮರೀನು ಮತ್ತು ತರಕಾರಿ ಮಣೆ

ನನ್ನ ಹೆಂಡತಿ ಗಂಗಾಂಬಿಕೆ ಸಬ್‌ಮರೀನು ಕಟ್ಟುತ್ತಾಳೆ ಎಂದರೆ ಗುಬ್ಬಿಯ ಜನ ನನ್ನ ಮುಖ ನೋಡುತ್ತಾರೆ. ನೋಡಿದರೆ ನೋಡಲಿ. ನಾನು ಪೇಟೆಬೀದಿಯಲ್ಲಿ ಗ್ರಂಥಿಗೆ ಅಂಗಡಿ ಇಟ್ಟಿರುವ ರೇಣುಕಾಪ್ರಸಾದ್. ವಿಭೂತಿ, ಕರ್ಪೂರ, ಅಳಲೆಕಾಯಿ, ಬಜೆ ಮಾರುವವನು. ಇಂಥದ್ದನ್ನು ಕಟ್ಟಿ ಹೇಳುವಷ್ಟು ಕಲ್ಪನೆ ನನಗಿಲ್ಲ.

ಅವಳು ತುಮಕೂರಿನ ಒಂದು ಪಾಲಿಟೆಕ್ನಿಕ್ಕಿನಲ್ಲಿ ಲ್ಯಾಬ್ ಅಟೆಂಡರ್. ಇಪ್ಪತ್ತೆರಡು ವರ್ಷದಿಂದ ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಾಳೆ. ಮೇಷ್ಟರುಗಳು ಪಾಠ ಮಾಡುವಾಗ ಮೂಲೆಯಲ್ಲಿ ನಿಂತು ಇವಳೂ ಕಲಿತಳು. ಲೇತ್ ಓಡಿಸುತ್ತಾಳೆ, ವೈರುಗಳಿಗೆ ಬೆಸುಗೆ ಹಾಕುತ್ತಾಳೆ. ಯಾರೋ ರಿಮೋಟ್ ಹಿಡಿದು ಪುಟ್ಟ ಸಬ್‌ಮರೀನು ಮುಳುಗಿಸುವುದನ್ನು ಐದು ವರ್ಷದ ಹಿಂದೆ ಮೊಬೈಲಿನಲ್ಲಿ ನೋಡಿದ್ದೇ ತಡ, ತಾನೂ ಮಾಡುತ್ತೇನೆಂದು ಕೂತಳು.

"ಮುಳುಗಿಸೋದೇನು ಮಹಾ?" ಎಂದೆ.

"ಮುಳುಗೋದಕ್ಕೆ ಕಲ್ಲೂ ಮುಳುಗುತ್ತೆ ಕಣ್ರೀ. ಎದ್ದು ಬರ್ಬೇಕು ನೋಡಿ, ಅದು ಕೆಲ್ಸ," ಎಂದಳು.

ಮೊದಲನೆಯದು ಮೊಳದುದ್ದದ ಪೈಪಿನಲ್ಲಿ ತಯಾರಾಯಿತು. ಒಳಗೆ ಬ್ಯಾಟರಿ, ಮೋಟರು, ನೀರು ಎಳೆದು ಉಗುಳುವ ಸಣ್ಣ ಪಂಪು. ಇವೆಲ್ಲ ಅಲುಗದೆ ಕೂರಲು ಪ್ಲೈವುಡ್ಡಿನ ಹಲಗೆ ಮಾಡಿದ್ದಳು. ಅವಳು ಅದನ್ನು ಮೌಂಟು ಅನ್ನುತ್ತಿದ್ದಳು, ನಾನು ಪೀಠ ಅನ್ನುತ್ತಿದ್ದೆ. ಬ್ಯಾಟರಿಯನ್ನು ಅದರ ಮೇಲೆ ಎರಡೂ ಕಡೆ ಅಂಟು ಇರುವ ಟೇಪಿನಿಂದ ಕೂರಿಸಬೇಕಿತ್ತು, ಅಷ್ಟೇ ಬಾಕಿ.

ಅಷ್ಟರಲ್ಲಿ ಆಯುಧಪೂಜೆ ಬಂತು. ತಕ್ಕಡಿ, ಕತ್ತರಿ, ಸ್ಕೂಟರು ಎಲ್ಲಕ್ಕೂ ಪೂಜೆ ಮುಗಿಸಿ ಒಳಗೆ ಬಂದರೆ ಮೇಜಿನ ಮೇಲೆ ಸಬ್‌ಮರೀನು ಬಾಯಿ ತೆರೆದು ಮಲಗಿದೆ. ಗಂಗಾ ಅಡುಗೆಮನೆಯಲ್ಲಿ ಒಬ್ಬಟ್ಟು ತಟ್ಟುತ್ತಿದ್ದಾಳೆ. ಪೀಠ ಅಂದ ಮೇಲೆ ಬರಿದಾಗಿ ಬಿಡುವುದುಂಟೇ? ವಿಭೂತಿ ಕಲಸಿ ಮೂರು ಬೆರಳಲ್ಲಿ ನೀಟಾಗಿ ಎಳೆದುಬಿಟ್ಟೆ. ಎಳೆದ ಮೇಲೆ ಭಯವಾಯಿತು. ಅವಳ ಸಾಮಾನು ಮುಟ್ಟಿದರೆ ಅವಳು ಸುಮ್ಮನಿರುವವಳಲ್ಲ. ಪಂಚೆಯ ಅಂಚಿನಲ್ಲಿ ಮೇಲೆಮೇಲೆ ಒರೆಸಿ, ಏನೂ ತಿಳಿಯದವನಂತೆ ಹೋಗಿ ಒಬ್ಬಟ್ಟು ತಿಂದೆ.

ಮರುದಿನ ಅವಳು ಅದೇ ಜಾಗಕ್ಕೆ ಟೇಪು ಅಂಟಿಸಿ ಬ್ಯಾಟರಿ ಕೂರಿಸಿದಳು. ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಕುಣಿಗಲ್ಲಿನ ದೊಡ್ಡಕೆರೆಗೆ ಹೋದೆವು. ನೀರಿಗೆ ಬಿಟ್ಟಳು. ಸಬ್‌ಮರೀನು ಸ್ವಲ್ಪ ದೂರ ಸಾಗಿ, ಮುಳುಗಲು ಹೇಳಿದೊಡನೆ ಮೂತಿ ಕೆಳಗೆ ಮಾಡಿ, ಬಾಲ ಮೇಲೆತ್ತಿ, ಬಾತುಕೋಳಿಯಂತೆ ತಲೆಕೆಳಗಾಗಿ ಹೋಯಿತು. ಮತ್ತೆ ಬರಲಿಲ್ಲ. ಗುಳ್ಳೆ ನಿಂತ ಮೇಲೂ ಅವಳು ರಿಮೋಟ್ ಹಿಡಿದು ನಿಂತೇ ಇದ್ದಳು.

ಬಸ್‌ಸ್ಟ್ಯಾಂಡ್ ತಲುಪಿ ಖಾಲಿ ಟವೆಲ್ಲು ಮಡಚಿದಳು. ಆಮೇಲೆ ಹೇಳಿದಳು: "ಇನ್ನೊಂದೇ ಒಂದು ಕಟ್ತೀನಿ. ಅದೂ ಏಳ್ಲಿಲ್ಲ ಅಂದ್ರೆ ಎಲ್ಲಾ ಎತ್ತಿಟ್ಬಿಡ್ತೀನಿ."

ಗಂಗಾ ಮಾತು ಆಡಿದರೆ ಆಡಿದಂತೆ. ಚಿಕ್ಕಪ್ಪನ ಮನೆಯ ಹೊಸ್ತಿಲು ತುಳಿಯಲ್ಲ ಎಂದವಳು ಹನ್ನೊಂದು ವರ್ಷದಿಂದ ತುಳಿದಿಲ್ಲ. ಇನ್ನು ಸಂಜೆ ರೈಲಿಳಿದು ಬಂದು ಅವಳು ಸುಮ್ಮನೆ ಟಿವಿ ಮುಂದೆ ಕೂರುವುದನ್ನು ನನಗೆ ನೆನೆಸಿಕೊಳ್ಳಲೂ ಆಗಲಿಲ್ಲ.

ತಿಂಗಳ ಮೇಲೆ ಫೋನು ಬಂತು. ಕುಣಿಗಲ್ಲಿನಲ್ಲಿ ಮೀನು ಹಿಡಿಯುವ ದಾಸಯ್ಯ. "ಯಾರಮ್ಮ ಅದು? ನಿಮ್ ನಂಬರ್ ಬರ್ದಿರೋ ಪೈಪೊಂದು ಬಲೆಗೆ ಸಿಕ್ಕೈತೆ. ಸಿಡಿಯಾಕಿಲ್ಲ ತಾನೆ?"

ತಂದು ಬಿಚ್ಚಿದಳು. ಬ್ಯಾಟರಿ ಜಾರಿ ಮೂತಿಗೆ ಹೋಗಿ ಕೂತಿತ್ತು. ಅದಕ್ಕೇ ಮೂತಿ ಭಾರವಾದದ್ದು. ಟೇಪಿನ ಅಂಟಿನ ಮೇಲೆ ಬೆಳ್ಳಗೆ ಏನೋ ಮೆತ್ತಿತ್ತು. ನೋಡಿದೊಡನೆ ವಿಭೂತಿ ಎಂದು ನನಗೆ ತಿಳಿಯಿತು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟು, "ಮೌಂಟೇ ಬದಲಾಯಿಸ್ಬೇಕು," ಎಂದಳು.

"ಹೌದೌದು, ಪ್ಲೈವುಡ್ಡೇ ಸರಿಯಿಲ್ಲ," ಎಂದೆ ನಾನು. ಹೇಡಿ.

ಅಲ್ಲಿಂದ ಮೂರು ತಿಂಗಳು ನಮ್ಮ ಮನೆಯ ಉಪ್ಪಿನಕಾಯಿ ಜಾಡಿಗಳಲ್ಲಿ ಉಪ್ಪಿನಕಾಯಿ ಇರಲಿಲ್ಲ. ಒಂದೊಂದರಲ್ಲಿ ಹೊಸ ಮೌಂಟಿಗೆಂದು ತಂದ ಒಂದೊಂದು ತುಂಡು ಎಂಟು ದಿನ ನೆನೆಯುತ್ತಿತ್ತು. ನೆನೆಹಾಕುವ ಮುಂಚೆ ಮತ್ತು ಆಮೇಲೆ ನನ್ನ ಅಂಗಡಿಯ ಕರ್ಪೂರದ ತಕ್ಕಡಿಯಲ್ಲಿ ತೂಕ. ಪ್ಲೈವುಡ್ಡು ನೀರು ಕುಡಿದು ಉಬ್ಬಿತು. ಹಳೇ ಕಿಟಕಿಯ ಅಲ್ಯುಮಿನಿಯಂ ಗಟ್ಟಿಯೇನೋ ಸರಿ, ವೈರು ಸವೆದು ತಾಗಿದರೆ ಬ್ಯಾಟರಿಗೇ ಬೆಂಕಿ ಎಂದು ತಳ್ಳಿದಳು. ಬೋರ್ಡು ಬರೆಯುವವನ ಹತ್ತಿರ ತಂದ ಅಕ್ರಿಲಿಕ್ಕು ಗಾಜಿನಂತೆ ಚೆನ್ನಾಗಿತ್ತು, ಸ್ಕ್ರೂ ಬಿಗಿದೊಡನೆ ಸೀಳಿತು.

ತಪ್ಪು ಮಾಡಿದವನ ಹುರುಪು ಬೇರೆಯೇ. ಅವಳ ತವರು ಅಮೃತೂರಿಗೆ ಹೋಗಿ ಒಳ್ಳೆಯ ಬಲಿತ ತೆಂಗಿನ ಕರಟ ಆರಿಸಿ ತಂದೆ. ನೀರು ಹಿಡಿಯುವುದಿಲ್ಲ, ಗಟ್ಟಿ, ದುಂಡಗಿದೆ, ಬಳೆಯ ಹಾಗೆ ಕುಯ್ದರೆ ಪೈಪಿನೊಳಗೆ ಹೇಳಿ ಮಾಡಿಸಿದಂತೆ ಕೂರುತ್ತದೆ! ಅವಳು ನಗಲಿಲ್ಲ. ನಿಜವಾಗಿ ಕುಯ್ದು, ಉಜ್ಜಿ, ಪೈಪಿನೊಳಗೆ ತಿರುಗಿಸಿ ನೋಡಿದಳು.

"ದುಂಡಗಿಲ್ಲ ರೀ. ಮೂರು ಕಡೆ ಏಣು ಎದ್ದಿದೆ ನೋಡಿ. ಮೋಟರು ಓರೆಯಾಗುತ್ತೆ."

ಬೆರಳಾಡಿಸಿ ನೋಡಿದೆ. ಇತ್ತು. ಹುಟ್ಟಿದಾಗಿನಿಂದ ತೆಂಗಿನಕಾಯಿ ಒಡೆಯುತ್ತಿದ್ದೇನೆ, ಒಂದು ದಿನ ಕಂಡಿರಲಿಲ್ಲ. ಇವಳ ಕಣ್ಣಿಗೆ ದೊಡ್ಡ ನಮಸ್ಕಾರ ಎಂದುಕೊಂಡೆ.

ಕೊನೆಗೆ ಒಂದು ಭಾನುವಾರ ನಾನು ಹುರುಳಿಕಾಯಿ ಹೆಚ್ಚುತ್ತಿದ್ದಾಗ ಬಂದು ಮಣೆಯನ್ನೇ ಕಿತ್ತುಕೊಂಡಳು. ದಪ್ಪನೆಯ ಬಿಳಿ ಪ್ಲಾಸ್ಟಿಕ್ ಮಣೆ. ಮೂಲೆ ಕುಯ್ದು ನೆನೆಹಾಕಿದರೆ ಎಂಟು ದಿನದಲ್ಲಿ ಸಾಸಿವೆಯಷ್ಟೂ ತೂಕ ಹೆಚ್ಚಲಿಲ್ಲ. ಅಂಟು ಹಚ್ಚಿದಳು, ಹಾಲಿನ ಕೆನೆಯಂತೆ ಎದ್ದು ಬಂತು.

"ಅಂಟೇ ಹಿಡಿಯಲ್ವಲ್ಲೇ," ಎಂದೆ.

"ಅಂಟು ನಂಬಿ ಕೂತಿದ್ದೇ ನನ್ ತಪ್ಪು. ಯಾರ್ ಏನ್ ಮುಟ್ಟಿದ್ರೂ ಜಾರ್ಬಾರ್ದು, ಹಂಗಿರ್ಬೇಕು."

ದುಂಡು ಬಿಲ್ಲೆಗಳನ್ನು ಕುಯ್ದು, ಬ್ಯಾಟರಿ ಸರಿಯುವಷ್ಟು ಅಗಲದ ತೋಡು ಕೊರೆದಳು. ಬ್ಯಾಟರಿ ಈಗ ಮೇಜಿನ ಡ್ರಾಯರಿನಂತೆ ತೋಡಿನೊಳಗೆ ಸರಿದು ಕೂತು, ಹಿಂದಿನಿಂದ ಒಂದು ಸ್ಟೀಲ್ ಸ್ಕ್ರೂ ಅದನ್ನು ಹಿಡಿಯುತ್ತಿತ್ತು. ಟೇಪಿಲ್ಲ, ಅಂಟಿಲ್ಲ. ಅಂದಿನಿಂದ ನಮ್ಮ ಮನೆಗೆ ಈಳಿಗೆ ಮಣೆ ವಾಪಸು ಬಂದಿದೆ.

ಶಿವರಾತ್ರಿ ಕಳೆದ ಭಾನುವಾರ ಮತ್ತೆ ಅದೇ ದೊಡ್ಡಕೆರೆ. ದಾಸಯ್ಯನೂ ಬಲೆ ಬಿಟ್ಟು ಬಂದು ನೀರಿನಂಚಿಗೆ ನಿಂತಿದ್ದ. ಗಂಗಾ ಏರಿಯ ಕಲ್ಲಿನ ಮೇಲೆ ಕೂತು ಸ್ಕ್ರೂಗಳನ್ನು ಕೊನೆಯ ಸಲ ಬಿಗಿಯುತ್ತಿದ್ದಳು. ಇದೂ ಏಳದಿದ್ದರೆ ತನ್ನ ಕೈಯೇ ಸರಿಯಿಲ್ಲ ಎಂದು ಇವಳು ಬದುಕಿಡೀ ಅಂದುಕೊಂಡಿರುತ್ತಾಳೆ. ನನ್ನಿಂದ ತಡೆಯಲಾಗಲಿಲ್ಲ.

"ಗಂಗಾ, ಹೋದ್ ಸಲ ಮುಳುಗಿದ್ದು ನಿನ್ ತಪ್ಪಲ್ಲ. ನಾನು ಪೀಠಕ್ಕೆ ವಿಭೂತಿ ಹಚ್ಚಿ ಒರ್ಸಿದ್ದೆ. ಅದಕ್ಕೇ ಟೇಪು ಹಿಡೀಲಿಲ್ಲ."

ಅವಳು ಸ್ಕ್ರೂಡ್ರೈವರ್ ತಿರುಗಿಸುತ್ತಲೇ, "ಗೊತ್ತು," ಎಂದಳು.

"ಯಾವಾಗಿಂದ?"

"ಪೈಪು ತಂದು ಬಿಚ್ಚಿದ್ ದಿನದಿಂದ. ಟೇಪಿನ ಮೇಲೆ ಮೂರು ಗೆರೆ ಇತ್ತು. ನಮ್ಮನೇಲಿ ಇನ್ಯಾರು ಎಳೀತಾರೆ?"

"ಮತ್ತೆ ಯಾಕೆ ಬೈಲಿಲ್ಲ?"

"ಬೈದಿದ್ರೆ ಬಿಡ್ತಿದ್ರಾ? ಮುಂದಿನ್ ಸಲ ಕದ್ದು ಹಚ್ತಿದ್ರಿ."

ಆಮೇಲೆ ಒಳಗಿನ ಭಾಗವನ್ನು ನನ್ನ ಕಡೆ ತಿರುಗಿಸಿದಳು. ಮುಂದಿನ ಬಿಲ್ಲೆಯ ಮೇಲೆ, ವೈರಿಲ್ಲದ, ನೀರು ತಡೆಯುವ ರಬ್ಬರಿಲ್ಲದ ಜಾಗದಲ್ಲಿ, ವಸಂತನರಸಾಪುರದ ಯಾವುದೋ ಕಾರ್ಖಾನೆಯಲ್ಲಿ ಉಳಿದ ಕಪ್ಪು ಪ್ಲಾಸ್ಟಿಕ್ಕಿನ ಒಂದು ತುಂಡನ್ನು ಎರಡು ಸ್ಕ್ರೂ ಹಾಕಿ ಕೂರಿಸಿದ್ದಳು. ಮೂರು ಬೆರಳು ಹಿಡಿಯುವಷ್ಟು ಅಗಲ. ಅದು ಯಾವುದನ್ನೂ ಹೊತ್ತಿರಲಿಲ್ಲ.

"ಇದು ನಿಮ್ದು. ಇಲ್ಲಿ ಹಚ್ಚಿ. ಬೇರೆಲ್ಲೂ ಕೈ ಇಡ್ಬೇಡಿ."

ನನಗೆ ಅಳು ಬಂತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಜೇಬಿನ ವಿಭೂತಿ ಗಟ್ಟಿಯನ್ನು ಕೆರೆಯ ನೀರಿನಲ್ಲಿ ತೇಯ್ದು, ಬೆರಳಲ್ಲಿ ಮೂರು ಗೆರೆ ಎಳೆದೆ. ಅದು ಒಣಗುವವರೆಗೂ ಕಾದು, ಅವಳು ಮುಚ್ಚಳ ಬಿಗಿದು ನೀರಿಗೆ ಬಿಟ್ಟಳು.

ಈ ಸಲ ಮೂತಿ ಬಾಗಲಿಲ್ಲ. ಮಟ್ಟಸವಾಗಿ, ತಟ್ಟೆ ಇಳಿದಂತೆ ಇಳಿದು ಕಾಣೆಯಾಯಿತು. ನಾನು ನೀರು ನೋಡಲಾರದೆ ಅವಳ ಹೆಬ್ಬೆರಳನ್ನೇ ನೋಡುತ್ತಿದ್ದೆ. ಅದು ರಿಮೋಟಿನ ಮೇಲೆ ಒಂದಿಷ್ಟೂ ಅಲುಗಲಿಲ್ಲ. ಎಷ್ಟು ಹೊತ್ತಾಯಿತೋ, ಆಮೇಲೆ ನಿಧಾನವಾಗಿ ಮೇಲಕ್ಕೆ ಸರಿಯಿತು.

"ಎದ್ದೈತೆ ಕಣಕ್ಕ! ಅಗೋ, ಅಲ್ಲಿ ಎದ್ದೈತೆ!" ದಾಸಯ್ಯ ಕೂಗಿದ.

ಗಂಗಾ ಅದನ್ನು ದಡಕ್ಕೆ ತಂದು, ಸೆರಗಿನಿಂದ ಒರೆಸಿ, ಮುಚ್ಚಳ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಒಳಗೆ ಇಣುಕಿದೆ. ನಾನು ಎಳೆದ ಮೂರು ಗೆರೆ ಎಳೆದ ಹಾಗೇ ಒಣಗಿ ಕೂತಿದ್ದವು.