ಸಾಡೇ ಸಾತ್

ಮಂಠಾಳದ ದ್ರೌಪತಿಗೆ ರೋಗ ಬಂದದ್ದು ಹಬ್ಬದ ದಿನ, ತನ್ನದೇ ಮನೆಯ ಹೊಸ್ತಿಲಲ್ಲಿ. ೧೯೭೩ರ ಡಿಸೆಂಬರಿನ ಎಳ್ಳಮಾಸಿ. ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿಯ ಬುಟ್ಟಿಯನ್ನು ಹೊಲಕ್ಕೆ ಹೊತ್ತೊಯ್ಯುವ ಹಕ್ಕನ್ನು ಅರವತ್ತಾದರೂ ಆಕೆ ಸೊಸೆ ಬಾಳಮ್ಮನಿಗೆ ಬಿಟ್ಟುಕೊಟ್ಟವಳಲ್ಲ. ಆ ದಿನ ಬುಟ್ಟಿ ಎದೆಯ ಮಟ್ಟಕ್ಕೆ ಬಂದು ನಿಂತಿತು. ಯಾರೋ ಹಿಂದಿನಿಂದ ತೋಳು ಹಿಡಿದುಕೊಂಡಂತೆ ಎರಡೂ ಭುಜ ಅಲ್ಲಿಂದ ಮೇಲೆ ಏಳಲಿಲ್ಲ.

"ಥಂಡ್ಯಾಗ ಬರೇ ನೆಲದ ಮ್ಯಾಲ ಮಲಗಿದ್ರಿ, ಅದಕ್ಕ ಹಿಂಗ ಆಗ್ಯದ ಅತ್ತಿ," ಎಂದು ಬಾಳಮ್ಮ ಬುಟ್ಟಿಯನ್ನು ತನ್ನ ತಲೆಗೇರಿಸಿಕೊಂಡಳು.

ಥಂಡಿಯಾಗಿದ್ದರೆ ಬಿಸಿಲಿಗೆ ಹೋಗುತ್ತಿತ್ತು. ಇದು ಹೋಗಲಿಲ್ಲ. ಬೆಳಗಿನ ಜಾವಕ್ಕೆ ಮೈಯೆಲ್ಲ ಕಟ್ಟಿಗೆ. ಮಗ್ಗಲು ಬದಲಿಸಲು ಮಗ ಪಂಡರಿ ಬರಬೇಕು, ತಲೆ ಬಾಚಲು ಸೊಸೆ ಬರಬೇಕು. ಮಧ್ಯಾಹ್ನವಾದರೆ ಮಾತ್ರ ತುಸು ಸಡಿಲ. ಅದನ್ನು ನೋಡಿ ಓಣಿಯ ಹೆಂಗಸರಿಗೆ ನಗೆ: ಕಸ ಬಳಿಯುವ ಹೊತ್ತಿಗೆ ಬರುವ ರೋಗ ಊಟದ ಹೊತ್ತಿಗೆ ಹೋಗುತ್ತದಂತೆ! ಅದನ್ನೆಲ್ಲ ದ್ರೌಪತಿ ನುಂಗಿಕೊಂಡಳು. ನುಂಗಿಕೊಳ್ಳಲಾಗದ್ದು ಒಂದೇ. ಹಿರಿಯರು ಎದುರು ಬಂದರೆ ತಲೆಯ ಮೇಲೆ ಸೆರಗು ಎಳೆದುಕೊಳ್ಳಲು ಕೈ ಏಳುತ್ತಿರಲಿಲ್ಲ. ಸೊಸೆ ಓಡಿಬಂದು ಎಳೆಯಬೇಕು. ನಲವತ್ತೈದು ವರ್ಷ ಆ ಸೆರಗನ್ನು ಜಾರಗೊಡದೆ ಬದುಕಿದವಳಿಗೆ ಅದಕ್ಕಿಂತ ದೊಡ್ಡ ನಾಚಿಕೆ ಇರಲಿಲ್ಲ.

ಹಬ್ಬ ಕಳೆದು ಹದಿನೈದು ದಿನಕ್ಕೆ ಪಂಡರಿ ತಾಯಿಯನ್ನು ಕಲ್ಯಾಣದ ಮೇಲಿಂದ ಬಸ್ಸು ಬದಲಿಸಿ ಹುಮನಾಬಾದಿಗೆ ಕರೆದೊಯ್ದ. ಅಲ್ಲಿನ ಡಾಕ್ಟರು ಹೈದರಾಬಾದಿನಲ್ಲಿ ಕಲಿತವರು. ಔಷಧ ಕಟ್ಟಿಕೊಡುವ ಗುಲಾಮ್ ರಸೂಲನೊಡನೆ ಅವರ ಮಾತೆಲ್ಲ ಉರ್ದುವಿನಲ್ಲಿ. ಅವರು ರಕ್ತ ತೆಗೆದು ಗಾಜಿನ ಉದ್ದ ಕೊಳವೆಯಲ್ಲಿ ಒಂದು ತಾಸು ನಿಲ್ಲಿಸಿದರು, ಅದು ಎಷ್ಟು ಇಳಿದಿದೆ ಎಂದು ನೋಡಿದರು, ಮಾರುದ್ದದ ಒಂದು ಇಂಗ್ಲಿಷ್ ಹೆಸರು ಹೇಳಿದರು. ಆ ಹೆಸರು ಬಸ್‌ಸ್ಟ್ಯಾಂಡಿನ ತನಕವೂ ಯಾರಿಗೂ ನೆನಪಿರಲಿಲ್ಲ. ನೆನಪಿದ್ದದ್ದು ಸಣ್ಣ ಬಿಳಿ ಗುಳಿಗೆ, ದಿನಕ್ಕೆ ಮೂರು, ಮತ್ತು ಅವರ ತಾಕೀತು.

"ಈ ಗುಳಿಗಿ ಮಾಡೋ ಕೆಲಸ ನಿಮ್ಮ ಮೈ ತಾನೇ ಮಾಡ್ತಿತ್ತು, ಆಯಿ. ಈಗ ಹೊರಗಿಂದ ಸಿಕ್ತದ ಅಂತ ಅದು ಮಲಗಿ ಬಿಡ್ತದ. ಅದಕ್ಕ ಆಹಿಸ್ತಾ ಆಹಿಸ್ತಾ ನಾನೇ ಕಮ್ಮಿ ಮಾಡ್ತೀನಿ. ವರ್ಷಗಟ್ಲೆ ಹಿಡೀತದ. ನೀವಾಗೇ ಒಮ್ಮೆಲೇ ಬಂದ್ ಮಾಡಿದ್ರ ಜಾನ್ ಹೋಗ್ತದ. ತಿಳೀತಾ?"

"ಹೌದ್ರಿ," ಎಂದಳು ದ್ರೌಪತಿ.

ಮೂರನೆಯ ಬೆಳಿಗ್ಗೆ ಆಕೆ ಕಣ್ಣು ಬಿಡುವ ಮೊದಲೇ ಕೈ ಎತ್ತಿ ನೋಡಿದಳು. ಎದ್ದಿತು. ಎದ್ದು ಕೂತು ಸೆರಗನ್ನು ತಲೆಗೆ ಎಳೆದುಕೊಂಡಳು, ಇಳಿಸಿದಳು, ಮತ್ತೆ ಎಳೆದುಕೊಂಡಳು. ಬಾಳಮ್ಮ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಅಂದಿನಿಂದ ದಿನಾ ಬೆಳಿಗ್ಗೆ ಕೈ ಎತ್ತಿ ನೋಡಿದ ಮೇಲೆಯೇ ಕಣ್ಣು ತೆರೆಯುವುದು ಆಕೆಗೆ ರೂಢಿಯಾಯಿತು.

ಗುಳಿಗೆ ತನ್ನ ಪಾಲನ್ನೂ ಕೇಳಿತು. ಮುಖ ದುಂಡಗಾಯಿತು, ಹಸಿವು ಹೆಚ್ಚಿತು, ತೋಳಿನ ಚರ್ಮ ತೆಳುವಾಗಿ ಮುಟ್ಟಿದಲ್ಲೆಲ್ಲ ನೀಲಿ ಕಲೆ. "ಮಗ ಕುರಿ ಮಾರಿ ತುಪ್ಪ ತಿನ್ನಸ್ಲಾಕತ್ತಾನ," ಎಂದು ಅದೇ ಓಣಿ ಆಡಿಕೊಂಡಿತು. ಒಂದೂವರೆ ವರ್ಷದಲ್ಲಿ ಮೂರು ಗುಳಿಗೆ ಎರಡೂವರೆಯಾಗಿ, ಎರಡಾಯಿತು.

೧೯೭೫ರ ಶ್ರಾವಣದಲ್ಲಿ ಮತ್ತೆ ರಕ್ತ ನೋಡಿದ ಡಾಕ್ಟರು ಗುಲಾಮ್ ರಸೂಲನತ್ತ ತಿರುಗಿ, "ಅಬ್ ಇನ್ ಕೋ ಸಾಡೇ ಸಾತ್ ಲಗಾ ದೋ," ಎಂದರು. ಇನ್ನು ಇವರಿಗೆ ಏಳೂವರೆ ಹಚ್ಚು ಎಂದರ್ಥ; ಅವರು ಹೇಳಿದ್ದು ಗುಳಿಗೆಯ ತೂಕ. ಐದು ಮಿಲಿಗ್ರಾಮಿನ ಗುಳಿಗೆ. ಒಂದೂವರೆ ಕೊಟ್ಟರೆ ಏಳೂವರೆ. ಉರ್ದುವಿನಲ್ಲಿ ಏಳೂವರೆಗೆ ಸಾಡೇ ಸಾತ್ ಎನ್ನದೆ ಇನ್ನೇನೆನ್ನಬೇಕು?

ಆದರೆ ದ್ರೌಪತಿಯ ಮನೆಯಲ್ಲಿ ಆ ಮಾತಿಗೆ ಒಂದೇ ಅರ್ಥ. ಶನಿಯ ಏಳೂವರೆ ವರ್ಷ. ಬೀದರ ಜಿಲ್ಲೆ ಮೈಸೂರಿಗೆ ಸೇರಿದ ವರ್ಷ ಆಕೆಯ ಗಂಡ ಬಂಡೆಪ್ಪನಿಗೆ ಸಾಡೇಸಾತಿ ಹತ್ತಿದೆ ಎಂದು ಜೋಶಿ ಹೇಳಿದ್ದ. ಅದೇ ಮಳೆಗಾಲದಲ್ಲಿ ಅರ್ಧ ಹಟ್ಟಿ ಕುರಿ ಸತ್ತವು. ಏಳು ವರ್ಷ ಹೇಗೋ ತಡೆದ ಬಂಡೆಪ್ಪ, ಇನ್ನು ಆರು ತಿಂಗಳು ಉಳಿದಿರುವಾಗ ಬಾವಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ತೀರಿಹೋದ. ಅಂದಿನಿಂದ ಆ ಹೆಸರು ಮನೆಯಲ್ಲಿ ಯಾರ ಬಾಯಲ್ಲೂ ಬಂದಿಲ್ಲ. ಅದು ಹತ್ತಿದವರು ಯಾರ ಮುಂದೆ ಹೇಳಿಕೊಳ್ಳುತ್ತಾರೋ ಅವರ ಮೇಲೂ ಅದರ ಕಣ್ಣು ಬೀಳುತ್ತದೆ ಎಂಬ ನಂಬಿಕೆ. ಬಾಳಮ್ಮನಿಗೆ ಮದುವೆಯಾಗಿ ಒಂಬತ್ತು ವರ್ಷಕ್ಕೆ ಹೊಟ್ಟೆಯಲ್ಲಿ ಈಗ ಮೊದಲ ಕೂಸು, ಐದು ತಿಂಗಳು.

ಬಸ್ಸಿನಲ್ಲಿ "ಡಾಕ್ಟ್ರು ಏನಂದ್ರು ಅವ್ವಾ?" ಎಂದ ಪಂಡರಿಗೆ, "ದೀಡ ಗುಳಿಗಿ ಅಂದ್ರು," ಎಂದು ದ್ರೌಪತಿ ಒಂದೂವರೆಯ ಲೆಕ್ಕವನ್ನಷ್ಟೇ ಹೇಳಿದಳು.

ಆಕೆಯ ಲೆಕ್ಕ ಸರಳವಾಗಿತ್ತು. ಇಷ್ಟು ಕಲಿತ ಡಾಕ್ಟರೇ ಕೊನೆಗೆ ಇದು ಶನಿಯ ಕಾಟ ಎಂದು ಒಪ್ಪಿಕೊಂಡ ಮೇಲೆ ಗುಳಿಗೆ ಯಾತಕ್ಕೆ? ಪ್ರತಿ ಶನಿವಾರ ಮಾರುತಿ ಗುಡಿಗೆ ಎಣ್ಣೆ ಒಯ್ದಳು. ಪ್ರತಿದಿನ ಬಾಳಮ್ಮ ಅಂಗೈಗೆ ಹಾಕಿದ ಗುಳಿಗೆಯನ್ನು ಬಾಯಿಗೆ ಹಾಕಿಕೊಂಡಂತೆ ಮಾಡಿ, ಸೊಂಟದ ಎಲೆಯಡಿಕೆ ಚಂಚಿಯೊಳಗೆ ತುರುಕಿದಳು. ಎಸೆಯಲು ಮನಸ್ಸು ಬರಲಿಲ್ಲ. ಮಗ ದುಡಿದು ತಂದದ್ದು.

ಮೊದಲ ವಾರ ಮುಖದ ಬಾವು ಇಳಿಯಿತು. "ಅತ್ತಿ, ಮೊದಲಿನಂಗ ಕಾಣ್ಲಾಕತ್ತೀರಿ," ಎಂದು ಬಾಳಮ್ಮ ಹಿಗ್ಗಿದಳು. ಪಾಪ, ಆಕೆಗೇನು ಗೊತ್ತು! ಎರಡನೆಯ ವಾರ ರೊಟ್ಟಿ ಸೇರಲಿಲ್ಲ. ಉಪ್ಪು ಮಾತ್ರ ಬೇಕು. ಹರಳುಪ್ಪನ್ನು ಚೀಪುತ್ತ ಕೂಡುವಳು. ಎದ್ದು ನಿಂತರೆ ಕಣ್ಣಿಗೆ ಕತ್ತಲೆ. ಒಂದು ಬೆಳಿಗ್ಗೆ ಕಣ್ಣು ಬಿಡುವ ಮೊದಲು ಕೈ ಎತ್ತಿದಳು. ಎದೆಯ ತನಕ ಬಂದು ನಿಂತಿತು. ಬಂಡೆಪ್ಪ ಜಾರಿದ ಮೆಟ್ಟಿಲು ಆಕೆಗೆ ಕಣ್ಣ ಮುಂದೆ ಕಂಡಿತು. ಅಂಜಿಕೆ ಎಂದರೆ ಅದು. ಆದರೂ ಹೇಳಲಿಲ್ಲ. ಹೇಳಿದರೆ ಶನಿಯ ಕಣ್ಣು ಹೊಟ್ಟೆಯ ಕೂಸಿನ ಮೇಲೆ.

ಮೂರನೆಯ ವಾರ ಜ್ವರ ಬಂತು, ವಾಂತಿ ನಿಲ್ಲಲಿಲ್ಲ. ಪಂಡರಿ ಹೆದ್ದಾರಿಯಲ್ಲಿ ಒಂದು ಲಾರಿ ತಡೆದು, ತಾಯಿಯನ್ನು ಹೆಂಡತಿಯ ತೊಡೆಯ ಮೇಲೆ ಮಲಗಿಸಿ ಹುಮನಾಬಾದಿಗೆ ತಂದ. ಡಾಕ್ಟರಿಗೆ ನಾಡಿ ಸಿಗಲಿಲ್ಲ. ಸಲೈನ್ ಹಚ್ಚಿ ಇಂಜೆಕ್ಷನ್ ಚುಚ್ಚುತ್ತ, "ಗುಳಿಗಿ ಬಿಟ್ಟಾರೇನು?" ಎಂದು ಕೂಗಿದರು.

"ಇಲ್ರಿ, ದಿನಾ ನನ್ನ ಕೈಯಾರೆ ಕೊಡ್ತೀನ್ರಿ!" ಎಂದಳು ಬಾಳಮ್ಮ. ಒದ್ದೆ ಸೀರೆ ಸಡಿಲಿಸಲು ಅತ್ತೆಯ ಸೊಂಟದ ಚಂಚಿ ಬಿಚ್ಚಿದಳು. ಅಡಿಕೆಯ ಚೂರಿನೊಡನೆ ಗುಳಿಗೆಗಳು ಉರುಳಿದವು. ಕಾಚಿನ ಬಣ್ಣ ಹತ್ತಿ ಎಲ್ಲ ಕೆಂಪಾಗಿದ್ದವು.

ದ್ರೌಪತಿಗೆ ಪೂರ್ತಿ ಎಚ್ಚರವಾದದ್ದು ಮರುದಿನ ಮಧ್ಯಾಹ್ನ. ಡಾಕ್ಟರು ಎದುರಿಗೇ ಕೂತಿದ್ದರು, ಪಕ್ಕದಲ್ಲಿ ಗುಲಾಮ್ ರಸೂಲ ನಿಂತಿದ್ದ.

"ಯಾಕ ಬಿಟ್ರಿ ಆಯಿ? ಯಾರ್ ಹೇಳಿದ್ರು ನಿಮಗ?"

ಆಕೆ ಮೊದಲು ಸೊಸೆಯನ್ನು ಚಹಾ ತರಲು ಹೊರಗೆ ಕಳಿಸಿದಳು. ಮಗನನ್ನೂ ಕಳಿಸಿದಳು. ಆಮೇಲೆ ಪಿಸುಮಾತಿನಲ್ಲಿ, "ನೀವೇ ಹೇಳಿದ್ರಲ್ರಿ, ಇವರ ಮುಂದ. ಸಾಡೇಸಾತಿ ಹತ್ಯದ ಅಂತ. ಶನಿದೇವ್ರ ಮುಂದ ಗುಳಿಗಿ ಏನ್ ನಡೀತದ್ರಿ?" ಎಂದಳು.

ಗುಲಾಮ್ ರಸೂಲನಿಗೆ ನಗೆ ಬಂದುಬಿಟ್ಟಿತು. ಬಾಯಿಗೆ ಕೈ ಅಡ್ಡ ಹಿಡಿದ. ಡಾಕ್ಟರು ನಗಲಿಲ್ಲ. ತಾವೇ ಆಡಿದ ಎರಡು ಮಾತು ಈ ಮುದುಕಿಯನ್ನು ಎಲ್ಲಿಯ ತನಕ ಒಯ್ದು ಬಂದಿವೆ ಎಂದು ಅವರಿಗೆ ತಿಳಿದಿತ್ತು. ಒಂದು ಗುಳಿಗೆ, ಅರ್ಧ ಗುಳಿಗೆ ಅಂಗೈಯಲ್ಲಿಟ್ಟು ತೋರಿಸಿ, "ಇದು ಸಾಡೇ ಸಾತ್. ಇಷ್ಟೇ. ಶನಿ ಅಲ್ಲ," ಎಂದು ಮೂರು ಸಲ ಹೇಳಿದರು. ದ್ರೌಪತಿ ತಲೆಯಾಡಿಸಿದಳು. ನಂಬಿದಳೇ? ಅರ್ಧ ನಂಬಿದಳು ಅನ್ನಬೇಕು. ಗುಳಿಗೆಯನ್ನಂತೂ ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ, ಎಣ್ಣೆಯನ್ನೂ ತಪ್ಪಿಸಲಿಲ್ಲ.

ಪುಷ್ಯದಲ್ಲಿ ಬಾಳಮ್ಮನಿಗೆ ಹೆಣ್ಣುಕೂಸು ಆಯಿತು, ಗಟ್ಟಿಮುಟ್ಟಾಗಿ. ಗುಳಿಗೆ ಮತ್ತೆ ನಾಲ್ಕರಿಂದ ಶುರುವಾಯಿತು. ಇಳಿಸುತ್ತ ಬಂದರೆ ನಡುವೆ ಎರಡು ಸಲ ಭುಜ ಮತ್ತೆ ಹಿಡಿಯಿತು, ಮತ್ತೆ ಏರಿಸಬೇಕಾಯಿತು. ಬೆನ್ನು ಬಾಗಿತು, ಒಂದು ಕಣ್ಣಿಗೆ ಪೊರೆ ಬಂತು. ಒಂದಾಯಿತು, ಅರ್ಧವಾಯಿತು, ಕಾಲು ಗುಳಿಗೆಯ ಪಾವಾಯಿತು. ದಿನ ಬಿಟ್ಟು ದಿನ ಪಾವು. ಗುಲಾಮ್ ರಸೂಲನ ಗಡ್ಡ ಬೆಳ್ಳಗಾಯಿತು. ಅವನು ಆ ದವಾಖಾನೆಯಲ್ಲಿ ಮತ್ತೆಂದೂ ಸಾಡೇ ಸಾತ್ ಎನ್ನಲಿಲ್ಲ, ದೀಡ ಎಂದೇ ಅಂದ.

೧೯೮೧ರ ಜೂನಿನಲ್ಲಿ ಮಿರಗದ ಮಳೆ ಮುಗಿದ ಮೇಲೆ ಒಂದು ದಿನ ಡಾಕ್ಟರು, "ಬಸ್, ಇನ್ನ ಗುಳಿಗಿ ಇಲ್ಲ ಆಯಿ," ಎಂದರು. ದ್ರೌಪತಿ ಹೊರಗೆ ಬಂದು ಔಷಧದ ಕಿಟಕಿಯ ಮುಂದೆ ನಿಂತಳು.

"ಎಷ್ಟ್ ವರ್ಷ ಆಯ್ತು ಭಾಯಿ, ನಾ ಬರ್ಲಾಕತ್ತು?"

ಆತ ಎದ್ದು ಮೇಲಿನ ಹಲಗೆಯ ಹಳೆಯ ಚೀಟಿಗಳ ಕಟ್ಟಿಗೆ ಬಲಗೈ ಚಾಚಿದ. ಕೈ ಭುಜದ ಮಟ್ಟಕ್ಕೆ ಹೋಗಿ ನಿಂತಿತು. ಎಡಗೈ ಚಾಚಿದ. ಅದೂ ಅಲ್ಲೇ ನಿಂತಿತು. ಸ್ಟೂಲು ಎಳೆದು, ನರಳುತ್ತ ಅದರ ಮೇಲೆ ಹತ್ತಿ ಚೀಟಿ ತೆಗೆದ. ಓದಿ, ಬೆರಳಿನ ಗೆಣ್ಣುಗಳಲ್ಲಿ ಎಣಿಸಿದ. ಅವನ ಮುಖದ ಬಣ್ಣ ಬದಲಾಯಿತು.

"ಎಂಟ್ ಆಗ್ತಾ ಬಂತ್ರಿ ಆಯಿ," ಎಂದ.

ಎಂಟಲ್ಲ, ಏಳೂವರೆ. ಆಕೆ ಎಳ್ಳಮಾಸಿಯಿಂದ ಎಣಿಸಿಕೊಂಡೇ ಬಂದಿದ್ದಳು. ಆದರೆ ಈಗ ಆಕೆ ಕೇಳಿದ್ದು ಅದನ್ನಲ್ಲ.

"ಭುಜಕ್ಕ ಏನ್ ಆಗ್ಯದ?"

"ಏನಿಲ್ರಿ. ನಾಕ್ ದಿನ ಆಯ್ತು, ಬೆಳಿಗ್ಗಿ ಹಿಡೀತದ. ಥಂಡಿ ಇರಬೇಕು."

ಹೊಟ್ಟೆಯ ಕೂಸನ್ನು ಉಳಿಸಲು ಸೊಸೆಯನ್ನು ಹೊರಗೆ ಕಳಿಸಿ, ಆ ಹೆಸರನ್ನು ತಾನು ಇವನ ಮುಂದೆಯೇ ಆಡಿದ್ದೆ ಎಂಬುದು ದ್ರೌಪತಿಗೆ ಚೆನ್ನಾಗಿ ನೆನಪಿತ್ತು. ಎರಡೂ ಕೈ ಎತ್ತಿ ಸೆರಗನ್ನು ತಲೆಗೆ ಎಳೆದುಕೊಂಡಳು. ಕಿಟಕಿಯೊಳಗೆ ಕೈ ಹಾಕಿ ಆತನ ಮುಂಗೈ ಹಿಡಿದಳು.

"ಇವತ್ತೇ ಡಾಕ್ಟ್ರಿಗಿ ತೋರ್ಸು. ಗುಳಿಗಿ ಕೊಟ್ರ ನುಂಗು ಭಾಯಿ. ಯಾರ್ ಏನ್ ಅಂದ್ರೂ ನಡುವ ಬಿಡಬ್ಯಾಡ. ಎಣ್ಣಿ ನಾ ಹಾಕ್ತೀನಿ."