ಕೈದಿಗಳಿಗೆ ಪ್ರಶ್ನೆ ಓದುತ್ತಿದ್ದ ಮೇಡಂ

ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಯಾವಾಗಲೂ ಕಪ್ಪಗಿರುತ್ತಿದ್ದವು, ದೋಸೆ ಕಾವಲಿ ತಿಕ್ಕಿದವರ ಕೈಯ ಹಾಗೆ. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಮುಂಬಯಿ ಪಕ್ಕದ ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕಿರುವ ನನ್ನ ಹೋಟೆಲಿನ ಮೆಟ್ಟಿಲ ಮೇಲೆ ಕೂರುವುದು, ಚೀಲದಿಂದ ಹತ್ತು ಹನ್ನೆರಡು ಪೆನ್ಸಿಲು ತೆಗೆಯುವುದು, ಒಂದೊಂದರ ಮೊನೆಯನ್ನೂ ಸಿಮೆಂಟಿಗೆ ಉಜ್ಜಿ ಉಜ್ಜಿ ಮೊಂಡು ಮಾಡುವುದು. ಲೋಕದಲ್ಲಿ ಎಲ್ಲರೂ ಪೆನ್ಸಿಲನ್ನು ಚೂಪು ಮಾಡುತ್ತಾರೆ. ಇವರದು ಎಲ್ಲ ಉಲ್ಟಾ. ಅದೂ ನಾನು ಆಗಷ್ಟೇ ತೊಳೆಸಿದ ಮೆಟ್ಟಿಲು.

"ಮೇಡಂ, ಒಳಗೆ ಇಷ್ಟು ಟೇಬಲ್ ಉಂಟು. ನಿಮಗೆ ಮೆಟ್ಟಿಲೇ ಆಗ್ಬೇಕಾ?"

"ಟೇಬಲ್ ಮ್ಯಾಲೆ ಉಜ್ಜಲೇನ್ರಿ ಅಣ್ಣಾರ? ಹೂಂ ಅನ್ರಿ, ಉಜ್ಜತೀನಿ."

ಧಾರವಾಡದ ಕಡೆಯವರು. ಮದುವೆಯಾಗಿ ಡೊಂಬಿವಲಿಗೆ ಬಂದು ಇಪ್ಪತ್ತು ವರ್ಷವಾಗಿದ್ದರೂ ಆ ಮಾತು ಒಂದಿಷ್ಟೂ ಸವೆದಿರಲಿಲ್ಲ. ಓದಿದ್ದು ಮನಃಶಾಸ್ತ್ರ, ಕೆಲಸ ಜೈಲಿನಲ್ಲಿ. ಯಾವ ಜೈಲು ಎಂದು ಹೇಳುವುದು ಬೇಡ. ನಮ್ಮ ಲೋಕಲ್ ಟ್ರೈನು ಹೋಗುವ ದಾರಿಯಲ್ಲೇ ಉಂಟು. ಖೂನಿ, ಹಲ್ಲೆ ಮಾಡಿ ಶಿಕ್ಷೆಯಲ್ಲಿರುವವರ ಎದುರು ಕೂತು ಒಂದು ಕಟ್ಟು ಕಾಗದ ಬಿಚ್ಚುತ್ತಿದ್ದರು. ಅದರಲ್ಲಿ ನೂರಾರು ವಾಕ್ಯ. ಪ್ರತಿ ವಾಕ್ಯಕ್ಕೂ ಕೈದಿ ಹೌದು ಅಥವಾ ಇಲ್ಲ ಎಂದು ಗುರುತು ಹಾಕಬೇಕು. ಆ ಗುರುತುಗಳನ್ನು ಕೂಡಿಸಿ ಕಳೆದು, ಅವನ ಸ್ವಭಾವ ಎಂಥದು, ಸಿಟ್ಟು ಎಲ್ಲಿಂದ ಏಳುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಇವರು ವರದಿ ಬರೆಯುವುದು. ಪೆನ್ಸಿಲು ಕೈದಿಗಳ ಕೈಗೆ ಹೋಗುವುದರಿಂದ ಚೂಪು ಮೊನೆ ಕೂಡದು. ಅದಕ್ಕೆ ನನ್ನ ಮೆಟ್ಟಿಲು.

ನನಗೆ ಇದೆಲ್ಲ ಕೆಲಸವಿಲ್ಲದವರ ಕೆಲಸದಂತೆ ಕಾಣುತ್ತಿತ್ತು. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಟೇಬಲ್ ಒರೆಸುವುದರಿಂದ ಶುರು ಮಾಡಿ ಸ್ವಂತ ಹೋಟೆಲು ಹಾಕಿದೆ, ಯಾರ ಮುಂದೆಯೂ ಕೈಯೊಡ್ಡಲಿಲ್ಲ. ಗಿರಾಕಿ ಒಳಗೆ ಕಾಲಿಡುವಾಗಲೇ ಅವನು ಊಟದವನೋ ಬರೀ ಚಹಾದವನೋ ಹೇಳಬಲ್ಲೆ. ಮನುಷ್ಯನನ್ನು ಅಳೆಯಲಿಕ್ಕೆ ನನಗೆ ಕಾಗದ ಬೇಕಾ?

ಒಂದು ದಿನ ಅದನ್ನೇ ಹೇಳಿದೆ. "ಕೊಂದವನ ಮುಖ ನೋಡಿದ್ರೆ ಗೊತ್ತಾಗುದಿಲ್ವಾ ಮೇಡಂ?"

"ಆ ಮೂರನೇ ಟೇಬಲ್ಲಿಗೆ ಕೂತಾರಲ್ಲ, ಅವರನ್ನ ನೋಡಿ ಹೇಳ್ರಿ."

ನೋಡಿದೆ. ಕೆದರಿದ ಕೂದಲು, ಕೆಂಪು ಕಣ್ಣು, ವಡೆಯನ್ನು ಹಿಂಡಿ ಹಿಂಡಿ ತಿನ್ನುತ್ತಿದ್ದ. "ಇವನು ಏನೋ ಮಾಡಿ ಬಂದವನೇ," ಎಂದೆ.

"ನಮ್ಮ ಜೈಲಿನ ಡಾಕ್ಟರು. ರಾತ್ರಿ ಡ್ಯೂಟಿ ಮುಗಿಸ್ಯಾರ, ಪಾಪ."

ಇಂಥವರು. ಚಹಾ ತರಿಸಿ ಮಾತಾಡುತ್ತಾ ಕೂತು, ಆರಿದ ಮೇಲೆ "ಬಿಸಿ ಇಲ್ಲ" ಎಂದು ವಾಪಸ್ ಕಳಿಸುತ್ತಿದ್ದರು. ನಾಲ್ಕು ಪ್ಲೇಟು ಹಿಡಿದು ಓಡುತ್ತಿರುವ ವೇಟರನ್ನು ನಿಲ್ಲಿಸಿ, "ನಿಮಗ ಸಿಟ್ಟು ಬಂದ್ರ ಮೊದಲ ಎಲ್ಲಿ ಗೊತ್ತಾಗ್ತದ, ಹೊಟ್ಟ್ಯಾಗೋ ಕೈಯಾಗೋ?" ಎಂದು ಕೇಳುತ್ತಿದ್ದರು. ಅವನು ನನ್ನ ಮುಖ ನೋಡುತ್ತಿದ್ದ. ನಾನು ಹಣೆ ಚಚ್ಚಿಕೊಳ್ಳುತ್ತಿದ್ದೆ. ಟಿವಿಯಲ್ಲಿ ಯಾರಾದರೂ ಕೊಲೆಗಾರನ ಮನಸ್ಸನ್ನು ಬಿಡಿಸಿ ಹೇಳುತ್ತಿದ್ದರೆ ಮಾತ್ರ ಇವರಿಗೆ ನನಗಿಂತ ಹೆಚ್ಚು ಸಿಟ್ಟು. "ಈ ಕಾಗದ ಜ್ವರದ ಕಡ್ಡಿ ಇದ್ದಂಗರಿ. ಜ್ವರ ಅದನೋ ಇಲ್ಲೋ ಹೇಳ್ತದ. ಯಾಕ ಬಂತು ಅಂತ ಮನಷ್ಯಾನ್ನ ಕೂಡಿಸ್ಕೊಂಡು ಕೇಳಬೇಕು." ಹಾಗಾದರೆ ಕಡ್ಡಿ ಯಾಕೆ ಎಂದು ಕೇಳಿದರೆ, "ಜ್ವರ ಇದ್ದಾಂವಾ ಇಲ್ಲ ಅಂತಾನಲ್ಲ, ಅದಕ್ಕ," ಎನ್ನುತ್ತಿದ್ದರು. ಇವರ ಹತ್ತಿರ ಗೆಲ್ಲಲಿಕ್ಕಿಲ್ಲ.

ಅಂಥವರು ಒಂದು ಶುಕ್ರವಾರ ನನ್ನನ್ನೇ ಜೈಲಿಗೆ ಕರೆದರು.

ನಮ್ಮ ಉಡುಪಿ ಕಡೆಯ ಒಬ್ಬ ಅಲ್ಲಿದ್ದ. ಕಾಮೋಠೆಯ ಒಂದು ಹೋಟೆಲಿನಲ್ಲಿ ಭಟ್ಟಿಯ ಮುಂದೆ ಕೆಲಸ ಮಾಡುತ್ತಿದ್ದವನು. ಜೊತೆ ಕೆಲಸದವನೊಡನೆ ಜಗಳವಾಗಿ, ತೆಂಗಿನಕಾಯಿ ಒಡೆಯುವ ಕತ್ತಿಯಲ್ಲಿ ಕಡಿದು ಕೊಂದಿದ್ದ. ಅದು ಜೈಲಿನಲ್ಲಿ ಅವನ ಒಂಬತ್ತನೇ ವರ್ಷ. ಒಳಗೆ ಹೋಗುವಾಗ ಎರಡು ವರ್ಷದವಳಿದ್ದ ಮಗಳಿಗೆ ಈಗ ಹನ್ನೊಂದು. ಆ ದೊಡ್ಡ ಗೋಡೆಯೊಳಗೆ ಮಗುವನ್ನು ತರುವುದಿಲ್ಲ ಎಂದು ಹೆಂಡತಿ ಹಟ ಹಿಡಿದಿದ್ದಳು. ನಡತೆ ಒಳ್ಳೆಯದಿದ್ದವರನ್ನು ಖುಲ್ಲಾ ಜೈಲಿಗೆ ಕಳಿಸುತ್ತಾರೆ. ಅಲ್ಲಿ ಗೋಡೆಯಿಲ್ಲ, ಹೊಲದಲ್ಲಿ ಕೆಲಸ. ಅಲ್ಲಿಗಾದರೆ ಕರೆತರುತ್ತೇನೆ ಎಂದಿದ್ದಳಂತೆ. ಯಾರನ್ನು ಕಳಿಸುವುದೆಂದು ಒಂದು ಸಮಿತಿ ಕೂತು ನೋಡುತ್ತದೆ, ಮೇಡಂ ಬರೆದ ವರದಿಯನ್ನೂ ಓದುತ್ತದೆ. ಮುಂದಿನ ತಿಂಗಳು ಸಮಿತಿ.

"ಅವಂಗ ಓದಾಕ ಬರಂಗಿಲ್ಲ. ಜೈಲಿನ ಹಿಂದಿ ಕಲ್ತಾನ, ಆದರ ಒಳಗಿನ ಮಾತು ಹಿಂದಿಯೊಳಗ ಬರಂಗಿಲ್ಲ. ನನಗ ತುಳು ಬರಂಗಿಲ್ಲ. ನೀವು ವಾಕ್ಯ ಓದ್ರಿ, ತುಳುವಿನಾಗ ಹೇಳ್ರಿ, ಸುಮ್ನ ಕೂಡ್ರಿ. ವಿವರಸಬ್ಯಾಡ್ರಿ, ತಲಿ ಅಲ್ಲಾಡಸಬ್ಯಾಡ್ರಿ."

"ಅಷ್ಟೂ ತಿಳಿಯುದಿಲ್ವಾ ನನಗೆ?"

ತಿಳಿಯಲಿಲ್ಲ.

ಅವನು ನನ್ನನ್ನು ಕಂಡ ಕೂಡಲೇ ಎದ್ದು ನಿಂತ. "ಧಣಿ" ಎಂದ. ಯಾವ ಧಣಿ, ಎಲ್ಲಿಯ ಧಣಿ. ಆದರೆ ಹೋಟೆಲು ಯಜಮಾನರನ್ನು ನಮ್ಮವರು ವಾಸನೆಯಿಂದಲೇ ಗುರುತಿಸುತ್ತಾರೆ. ಕೂರು ಎಂದರೆ ಕುರ್ಚಿಯ ತುದಿಯಲ್ಲಿ ಕೂತ. ನಮ್ಮವನು, ಮಗಳ ಮುಖ ಕಾಣದವನು. ಕಾಗದದಲ್ಲಿದ್ದದ್ದು "ಸಣ್ಣ ಕಾರಣಕ್ಕೂ ನನಗೆ ಕೋಪ ಬರುತ್ತದೆ" ಎಂದು. ನನ್ನ ಬಾಯಿಂದ ತುಳುವಿನಲ್ಲಿ ಹೊರಬಿದ್ದದ್ದು, "ಸಣ್ಣ ಸಣ್ಣದಕ್ಕೆಲ್ಲ ನಿನಗೆ ಸಿಟ್ಟು ಬರುದಿಲ್ಲ ಅಲ್ವಾ?"

"ಇಲ್ಲ ಧಣಿ."

"ಯಾರ ಬಗ್ಗೆಯಾದ್ರೂ ಬೆನ್ನ ಹಿಂದೆ ಕೆಟ್ಟದು ಮಾತಾಡಿದ್ದಿಯಾ? ಇಲ್ಲ ಅಲ್ವಾ?"

"ಎಂತಕ್ಕೆ ಧಣಿ, ಇಲ್ಲ."

ಹೋಟೆಲಿನಲ್ಲಿ ನಾವು ಕೇಳುವುದೇ ಹಾಗೆ. ಸಾಂಬಾರಿಗೆ ಉಪ್ಪು ಸರಿ ಉಂಟಲ್ಲ ಎಂದು ಯಜಮಾನ ಕೇಳಿದರೆ, ಉಂಟು ಧಣಿ ಎನ್ನಬೇಕು. ಉಪ್ಪು ಹೇಗೂ ಇರಲಿ. ಕೇಳುವವನ ಹುಬ್ಬು ನೋಡಿ ಉತ್ತರ ಕೊಡುವುದು ಅವನ ಅಭ್ಯಾಸ; ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಬಡಿಸುವುದು ನನ್ನ ಅಭ್ಯಾಸ. ಮೇಡಂ ಎರಡು ಸಲ ಮೇಜು ತಟ್ಟಿದರು, "ಇಷ್ಟು ಉದ್ದ ಆಗ್ತದೇನ್ರಿ ತುಳುವಿನಾಗ?" ನಾನು ಹೌದೆಂದೆ. ಒಂದು ಕಡೆ ಅವನು ತಡವರಿಸಿದಾಗ ಕಣ್ಣಲ್ಲೇ ಬೇಡ ಎಂದೆ. ಹೊರಗೆ ಬರುವಾಗ ಎದೆಯುಬ್ಬಿಸಿಕೊಂಡೇ ಬಂದೆ. ಒಬ್ಬ ಅಪ್ಪನನ್ನು ಮಗಳ ಹತ್ತಿರ ಕಳಿಸಿದ್ದೆನಲ್ಲ.

ಮಂಗಳವಾರ ಅವರು ಮೆಟ್ಟಿಲ ಮೇಲೆ ಕೂರಲಿಲ್ಲ. ಸೀದಾ ನಾನು ದುಡ್ಡೆಣಿಸುತ್ತಿದ್ದ ಗಲ್ಲೆಗೆ ಬಂದು ಕಾಗದ ಇಟ್ಟರು.

"ಅಣ್ಣಾರ, ಇದು ಯಾರ ಉತ್ತರ?"

"ಅವನದೇ."

"ಇಂವ ಹುಟ್ಟಿದಾಗಿಂದ ಒಂದು ಸುಳ್ಳು ಹೇಳಿಲ್ಲ. ಯಾರ ಮ್ಯಾಲೂ ಹೊಟ್ಟಿಕಿಚ್ಚು ಪಟ್ಟಿಲ್ಲ. ನಾಳೆ ಮಾಡೋಣ ಅಂತ ಕೆಲಸ ಬಿಟ್ಟಿಲ್ಲ. ಇಂಥಾ ಸಂತ ಕತ್ತಿ ಯಾಕ ಹಿಡದಾನ್ರಿ?"

ಆಮೇಲೆ ಹೇಳಿದರು. ಕಾಗದದ ನಡುನಡುವೆ ಇಂಥ ವಾಕ್ಯಗಳನ್ನು ಬೇಕೆಂದೇ ಇಟ್ಟಿರುತ್ತಾರಂತೆ. ಸಣ್ಣ ಸುಳ್ಳು, ಸಣ್ಣ ಹೊಟ್ಟೆಕಿಚ್ಚು ಎಲ್ಲರಲ್ಲೂ ಇರುತ್ತದೆ. ಒಂದೂ ಇಲ್ಲ ಎನ್ನುವವನು ಮುಚ್ಚಿಡುತ್ತಿದ್ದಾನೆ ಎಂದೇ ಲೆಕ್ಕ. ಆಗ ಅವನ ಇಡೀ ಕಾಗದವೇ ರದ್ದಿ. ಆರು ತಿಂಗಳಾಗದೆ ಅದೇ ಕಾಗದವನ್ನು ಮತ್ತೆ ಕೊಡುವ ಹಾಗಿಲ್ಲ. ಈ ಸಲದ ಸಮಿತಿಗೆ ಅವನಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. "ಎಂಥ ಪರೀಕ್ಷೆ ಮಾರಾಯ್ರೆ ನಿಮ್ಮದು! ಕೆಟ್ಟವ ಅಂದ್ರೂ ಬಿಡುದಿಲ್ಲ, ಒಳ್ಳೆಯವ ಅಂದ್ರೂ ಬಿಡುದಿಲ್ಲ. ಒಬ್ಬನಿಗೆ ಒಳ್ಳೆಯದು ಹೇಳಿದ್ದು ತಪ್ಪಾ?"

"ಒಳ್ಳೇದು ಹೇಳಾಕ ವಕೀಲರದಾರ. ನಾ ಅವಂದು ಕೇಳಾಕ ಹೋಗಿದ್ದೆ. ನೀವು ಅವನ ಬಾಯಿ ಮುಚ್ಚಿಸಿದ್ರಿ."

ಗಿರಾಕಿಗಳೆಲ್ಲ ನೋಡುತ್ತಿದ್ದರು. ನನ್ನ ಹೋಟೆಲಿನಲ್ಲಿ ನನಗೆ ಯಾರೂ ಹಾಗೆ ಹೇಳಿದ್ದಿಲ್ಲ. ಆಯಿತು, ತಪ್ಪು ನನ್ನದೆಂದು ಬರೆಯಿರಿ, ಎಲ್ಲಿ ಬೇಕಾದರೂ ಬಂದು ಒಪ್ಪಿಕೊಳ್ಳುತ್ತೇನೆ ಎಂದೆ. ಅವರು ಆಗಲೇ ಬರೆದುಕೊಟ್ಟಿದ್ದರು: ದುಭಾಷಿಗೆ ಸರಿಯಾಗಿ ಕಲಿಸದೆ ಕರೆತಂದದ್ದು ತನ್ನ ತಪ್ಪು ಎಂದು. ಮೇಲಿನವರಿಂದ ಬೈಸಿಕೊಂಡದ್ದೂ ಅವರೇ. ನನ್ನ ತಪ್ಪನ್ನೂ ನನ್ನ ಕೈಯಲ್ಲಿ ಉಳಿಸದ ಹೆಂಗಸು. ಅದು ಬೈಗಳಿಗಿಂತ ಹೆಚ್ಚು ಉರಿಯಿತು.

ಮೇಡಂ ಬೇರೆ ದುಭಾಷಿಯನ್ನು ಹುಡುಕಲಿಲ್ಲ. ಅದರ ಬದಲು, ಮಧ್ಯಾಹ್ನ ಗಿರಾಕಿ ಕಡಿಮೆಯಿದ್ದಾಗ ಅಂಥದೇ ಇನ್ನೊಂದು ಕಾಗದ ತಂದು ನನ್ನ ಮುಂದಿಟ್ಟರು. "ನೀವ ತುಂಬ್ರಿ. ನಾ ನೋಡಂಗಿಲ್ಲ. ತುಂಬಿ ಹರದು ಒಗೀರಿ."

ಅರ್ಧ ಗಂಟೆಯಲ್ಲಿ ಮುಗಿಸುತ್ತೇನೆ ಎಂದುಕೊಂಡಿದ್ದೆ. ಮೂರು ಮಧ್ಯಾಹ್ನ ಹಿಡಿಯಿತು. "ನನಗಿಂತ ದುರ್ಬಲರ ಮೇಲೆ ಕೈ ಮಾಡಿದ್ದೇನೆ" ಎಂದಿತ್ತು. ಇಲ್ಲ ಎಂದು ಗುರುತು ಹಾಕಿ ಮುಂದೆ ಹೋದೆ. ಎರಡು ಪುಟ ದಾಟಿದ ಮೇಲೆ, ಒಂದು ಟ್ರೇ ಗಾಜಿನ ಗ್ಲಾಸು ಬೀಳಿಸಿದ ಕ್ಲೀನರಿನ ಕೆನ್ನೆ ನೆನಪಾಯಿತು. ನನ್ನ ಐದು ಬೆರಳೂ ಮೂಡಿದ್ದವು. ಅವನು ಮರುದಿನ ಹೇಳದೆ ದಿವಾ ಸ್ಟೇಷನ್ ಹತ್ತಿರದ ತನ್ನ ರೂಮು ಖಾಲಿ ಮಾಡಿ ಹೋಗಿದ್ದ. ಆಗ ನನ್ನ ಕೈಯಲ್ಲಿ ಕತ್ತಿ ಇರಲಿಲ್ಲ, ಅಷ್ಟೇ. ಪುಟ ಹಿಂದಕ್ಕೆ ತಿರುಗಿಸಿ ಗುರುತು ಬದಲಿಸಿದೆ. ಕಾಗದವನ್ನು ಹರಿದು ಒಲೆಗೆ ಹಾಕಿದೆ. ಮೇಡಂ ಏನೂ ಕೇಳಲಿಲ್ಲ. ಆ ಹಾಳು ಹೆಂಗಸು ಎಲ್ಲವನ್ನೂ ಕೇಳುತ್ತಿದ್ದರು, ಅದೊಂದನ್ನು ಕೇಳಲಿಲ್ಲ.

ಆರು ತಿಂಗಳ ಮೇಲೆ ಮತ್ತೆ ಹೋದಾಗ ನನ್ನ ಕುರ್ಚಿಯನ್ನು ಗೋಡೆಗೆ ಮುಖ ಮಾಡಿ ಹಾಕಿದ್ದರು. ಅವನು ನನ್ನ ಬೆನ್ನ ಹಿಂದೆ. ನನ್ನ ಹುಬ್ಬು ಅವನಿಗೆ ಕಾಣಬಾರದು. ಒಳ್ಳೆ ಶಿಕ್ಷೆ ಎಂದು ಗೊಣಗಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಸುಮ್ಮನಾಗುತ್ತಿದ್ದೆ. ಮೊದಮೊದಲು ಅವನು, "ಎಂತ ಹೇಳ್ಬೇಕು ಧಣಿ?" ಎನ್ನುತ್ತಿದ್ದ. ನಾನು ಗೋಡೆ ನೋಡುತ್ತಿದ್ದೆ. ನಿಧಾನಕ್ಕೆ ಒಂದೊಂದೇ ಹೌದು, ಇಲ್ಲ ಬರತೊಡಗಿತು. "ಸಿಟ್ಟು ಬಂದಾಗ ನನ್ನ ಕೈ ಏನು ಮಾಡುತ್ತಿದೆ ಎಂದು ನನಗೆ ಗೊತ್ತಾಗುವುದಿಲ್ಲ" ಎಂಬ ವಾಕ್ಯ ಬಂತು. ಹೇಳಿದೆ. ಬೆನ್ನ ಹಿಂದೆ ಅವನ ಕುರ್ಚಿ ಕಿರುಗುಟ್ಟಿತು. ಹೌದು ಎಂದುಬಿಡು ಮಾರಾಯ, ಅರಿವಿಲ್ಲದೆ ಆಯಿತು ಎಂದರೆ ನಿನಗೇ ಒಳ್ಳೆಯದು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು.

"ಇಲ್ಲ," ಎಂದ. "ಗೊತ್ತಿತ್ತು. ಕತ್ತಿ ಅಂತ ಗೊತ್ತಿತ್ತು ಧಣಿ."

ಕೆಟ್ಟಿತು ಎಂದುಕೊಂಡೆ. ವಾಪಸ್ ಟ್ರೈನಿನಲ್ಲಿ ಮೇಡಂ, "ಸಿಟ್ಟಿನಾಂವ ಹೌದು, ಕಾಗದಾನೂ ಅದನ್ನ ಹೇಳ್ತದ. ಆದರ ಈಗ ಮುಚ್ಚಿಡವಲ್ಲ. ಎರಡೂ ಬರೀತೀನಿ. ಮುಂದ ಅವರ ಇಚ್ಛಾ," ಎಂದರು. ಮರುವರ್ಷ ಅವನನ್ನು ಖುಲ್ಲಾ ಜೈಲಿಗೆ ಕಳಿಸಿದರು. ಮಗಳು ಬಂದಳಂತೆ. ಒಂದು ಮಾತೂ ಆಡದೆ ಅಪ್ಪನ ಪಕ್ಕ ಎರಡು ಗಂಟೆ ಕೂತು ಹೋದಳಂತೆ, ಮುಂದಿನ ತಿಂಗಳು ಮತ್ತೆ ಬಂದಳಂತೆ. ಒಂದು ವರ್ಷ ಮೊದಲೇ ಬರಬಹುದಿತ್ತು. ಆ ವರ್ಷವನ್ನು ತಿಂದವನು ನಾನು.

ಮೇಡಂ ನಿವೃತ್ತಿಯಾಗಿ ನವಿ ಮುಂಬಯಿಯ ಮಗಳ ಮನೆಗೆ ಹೋದರು. ಕಾಯಿಲೆಯೆಂದು ಕೇಳಿ ನೋಡಲು ಹೋದಾಗ, ಮನಸ್ಸಿನಲ್ಲಿ ಕೊರೆಯುತ್ತಿದ್ದ ಒಂದು ಮಾತು ಕೇಳಿಬಿಟ್ಟೆ. ಅವನು ಬಿಡುಗಡೆಯಾಗಿ ನನ್ನಲ್ಲಿಗೆ ಕೆಲಸಕ್ಕೆ ಬಂದರೆ? ಅಡುಗೆಮನೆಯಲ್ಲಿ ಹತ್ತು ಜನ, ಅದೇ ಕತ್ತಿ, ಅದೇ ಉರಿ.

"ನನ್ನ ಕೇಳಬ್ಯಾಡ್ರಿ. ಯಾವ ಕಾಗದಾನೂ ನಾಳಿನ ಮಾತು ಹೇಳಂಗಿಲ್ಲ. ಅವನ್ನ ಕೇಳ್ರಿ. ಕೇಳಿ ಸುಮ್ನ ಕೂಡ್ರಿ."

"ಸುಮ್ಮನೆ ಕೂತ್ಕೊಳ್ಲಿಕ್ಕೆ ನಿಮಗೆ ಬರ್ತದಾ?"

"ಇಲ್ಲ. ಅದಕ್ಕ ಪಗಾರ ತಗೊಂಡು ಕೂಡತಿದ್ದೆ," ಎಂದು ನಕ್ಕು ಕೆಮ್ಮಿದರು. ಅದೇ ಕೊನೆಯ ಭೇಟಿ. ಮಗಳ ಫೋನು ಬಂದದ್ದು ಮಳೆಗಾಲ ಮುಗಿದ ಮೇಲೆ.

ಅವರು ತೀರಿಕೊಂಡು ತಿಂಗಳಾಗಿತ್ತು, ಅವನು ಬಿಡುಗಡೆಯಾಗಿ ಬಂದ. ಬೇಡದಾಗ ವಾರಕ್ಕೆರಡು ಸಲ ಬಂದು ತಲೆ ತಿಂದವರು, ಬೇಕಾದಾಗ ಇಲ್ಲ. ಕೂರಿಸಿ ಕೇಳಿದೆ. "ಇಲ್ಲಿ ಯಾರಾದ್ರೂ ನಿನ್ನನ್ನು ಕೆಣಕಿದ್ರೆ ಎಂತ ಮಾಡ್ತಿ?"

ಅವನು ನೆಲ ನೋಡಿದ. ಮಧ್ಯಾಹ್ನದ ಊಟದ ಹೊತ್ತು. ಪಾರ್ಸೆಲಿಗೆ ಕೂಗುತ್ತಿದ್ದರು, ಗಲ್ಲೆಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ನಾನು ಏಳಲಿಲ್ಲ, ಬಾಯಿ ಬಿಡಲಿಲ್ಲ.

"ಕೈಯಲ್ಲಿದ್ದದ್ದು ಕೆಳಗಿಟ್ಟು ಹೊರಗೆ ಹೋಗ್ಬೇಕು ಅಂತ ಉಂಟು ಧಣಿ," ಎಂದ. "ಹೋಗ್ತೇನಾ ಇಲ್ವಾ, ಅದು ಆಗ ಗೊತ್ತಾಗ್ಬೇಕು."

ದೋಸೆ ಕಾವಲಿಗೆ ನಿಲ್ಲಿಸಿದೆ. ನನ್ನ ಹೆಂಡತಿ ಮೂರು ದಿನ ನನ್ನನ್ನು ಬೈದಳು. ವರ್ಷಕ್ಕೆ ನಾಲ್ಕೈದು ಸಲ, ತುಂಬಿದ ಹೋಟೆಲಿನ ನಡುವೆ, ಅವನು ಸಟ್ಟುಗ ಕೆಳಗಿಟ್ಟು ಹಿಂದಿನ ಬಾಗಿಲಿನಿಂದ ಗಲ್ಲಿಗೆ ಹೋಗಿ ನಿಲ್ಲುತ್ತಾನೆ. ಮಸಾಲೆ ದೋಸೆ ಎಲ್ಲಿ ಎಂದು ಗಿರಾಕಿಗಳು ಬೊಬ್ಬೆ ಹಾಕುತ್ತಾರೆ. ನಾನು ಮೇಡಮ್ಮನ್ನು ಬೈದುಕೊಂಡು, ಅಂಗಿಯ ಕೈ ಮಡಚಿ, ನಾನೇ ದೋಸೆ ಹೊಯ್ಯುತ್ತೇನೆ. ಯಾವಾಗ ಒಳಗೆ ಬರುತ್ತೀ ಎಂದು ಅವನನ್ನು ಈವರೆಗೆ ಕೇಳಿಲ್ಲ.