ಹತ್ತು ಮಿಲಿಮೀಟರ್ ಪಕ್ಕದ ಗೆರೆ

ರಂಗಸ್ವಾಮಣ್ಣ, ಆ ತೂತನ್ನು ನೀವು ತಪ್ಪಾಗಿ ಕೊರೆಯಲಿಲ್ಲ. ಗೆರೆಯನ್ನು ತಪ್ಪಾಗಿ ಎಳೆದವಳು ನಾನು. ತಪ್ಪೆಂದು ಗೊತ್ತಾದ ಮೇಲೂ ನಾಲ್ಕು ದಿನ ಬಾಯಿ ಬಿಡದೆ ಕೂತವಳೂ ನಾನೇ. ಆಮೇಲೆ — ಆಮೇಲೆ ಮಾಡಿದ್ದನ್ನು ಹೇಳಲು ನನಗೆ ಏಳು ವರ್ಷ ಬೇಕಾಯಿತು.

ಬೊಮ್ಮನಹಳ್ಳಿಯ ಆ ವರ್ಕ್‌ಶಾಪಿನಲ್ಲಿ ನೀವು ಕೆಳಗೆ ಮೆಷಿನ್ ಮುಂದೆ, ನಾನು ಮೇಲೆ ಗಾಜಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ. ನಾನು ಡ್ರಾಯಿಂಗ್ ಮಾಡಿ ಕಳಿಸುವುದು, ನೀವು ಅದನ್ನು ಕಬ್ಬಿಣದಲ್ಲಿ ಕೊರೆಯುವುದು. ನೀವು ಅಲ್ಲಿ ಇಪ್ಪತ್ತು ವರ್ಷ ದುಡಿದವರು. ನಾನು ಸೇರಿ ಎರಡು ವರ್ಷವಾಗಿತ್ತು. ಆದರೂ ನನ್ನನ್ನು ಮೇಡಂ ಎಂದೇ ಕರೆಯುತ್ತಿದ್ದಿರಿ.

ಭಾರದ ಕಬ್ಬಿಣದ ಅಚ್ಚುಗಳನ್ನು, ಆ ಡೈಗಳನ್ನು, ಎತ್ತುವ ಚೈನ್ ಬ್ಲಾಕನ್ನು ತೂಗುಹಾಕಲು ಒಂದು ಹೊಸ ಪ್ಲೇಟು ಬೇಕಾಗಿತ್ತು. ಹಳೆಯದು ನೂರು ಮಿಲಿಮೀಟರ್ ಅಗಲ, ಹೊಸದು ಎಂಬತ್ತು ಸಾಕು ಎಂದರು ಓನರ್. ನಾನು ಹಳೆಯ ಫೈಲನ್ನೇ ತೆರೆದು ಪ್ಲೇಟಿನ ಬಲ ಅಂಚನ್ನು ಒಳಗೆ ಸರಿಸಿದೆ. ನಡುಗೆರೆ ಮಾತ್ರ ಸರಿಯಲಿಲ್ಲ. ಅದನ್ನು ಯಾರೋ ಹಿಂದೆ ಬಿಡಿಗೆರೆಯಾಗಿ ಎಳೆದಿದ್ದರು, ಅಂಚಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ನಲವತ್ತರಲ್ಲಿ ಇರಬೇಕಾದ ಗೆರೆ ಐವತ್ತರಲ್ಲೇ ಉಳಿಯಿತು. ಕೊಕ್ಕೆಯ ಪಿನ್ನಿನ ತೂತು ಆ ಗೆರೆಯ ಮೇಲೇ ಕೂತಿತ್ತು. ನಲವತ್ತು ಮಿಲಿಮೀಟರಿನ ಆ ತೂತಿನ ಆಚೆ ಇಪ್ಪತ್ತು ಇರಬೇಕಾದ ಕಬ್ಬಿಣ ಹತ್ತಷ್ಟೇ ಮಿಕ್ಕಿತು.

ನೀವು ಆ ಹಾಳೆ ಹಿಡಿದು ಮೆಟ್ಟಿಲು ಹತ್ತಿ ಬಂದಿರಿ.

"ಮೇಡಂ, ಈ ಸೆಂಟರ್ ಲೈನ್ ಸೆಂಟರ್‌ನಲ್ಲಿ ಇಲ್ವಲ್ಲ? ಒಂದ್ ಸಲ ನೋಡ್ತೀರಾ?"

ನಾನು ನೋಡಲಿಲ್ಲ. ತಲೆಯನ್ನೂ ಎತ್ತಲಿಲ್ಲ. "ಡ್ರಾಯಿಂಗ್‌ನಲ್ಲಿ ಇರೋ ಹಾಗೆ ಮಾಡಿ ಅಣ್ಣ. ನೀವು ತಲೆ ಓಡಿಸೋಕೆ ಹೋಗ್ಬೇಡಿ," ಎಂದೆ. ನೀವು ಹಾಳೆ ಮಡಿಸಿಕೊಂಡದ್ದು ಕಣ್ಣಂಚಿಗೆ ಕಂಡಿತು. "ಸರಿ ಮೇಡಂ," ಎಂದು ಇಳಿದು ಹೋದಿರಿ.

ಪ್ಲೇಟು ಮೇಲೇರಿ ಮೂರು ವಾರವಾಗಿತ್ತು. ಅವತ್ತು ಗುರುವಾರ, ಬೇರೆ ಕೆಲಸಕ್ಕೆಂದು ಅದೇ ಫೈಲ್ ತೆರೆದೆ. ಎರಡು ಅಂಚುಗಳನ್ನು ತೋರಿಸಿದರೆ ಸಾಫ್ಟ್‌ವೇರ್ ತಾನೇ ನಡುಗೆರೆ ಎಳೆದುಕೊಡುತ್ತದೆ. ಎಳೆದುಕೊಟ್ಟಿತು — ಹಳೆಯ ಗೆರೆಯ ಮೇಲಲ್ಲ, ಪಕ್ಕದಲ್ಲಿ. ಪರದೆಯ ಮೇಲೆ ಎರಡು ಗೆರೆಗಳು. ನಡುವೆ ಹತ್ತು ಮಿಲಿಮೀಟರ್.

ಅಷ್ಟರಲ್ಲಿ ಕೆಳಗೆ ಚೈನ್ ಓಡುವ ಸದ್ದಾಯಿತು. ಡೈ ಮೇಲೇಳುತ್ತಿತ್ತು. ಅದು ಮೇಜಿನ ಮೇಲೆ ಇಳಿಯುವವರೆಗೆ ನಾನು ಗಾಜಿನ ಆಚೆಗೇ ನೋಡುತ್ತ ಕೂತೆ.

ಎದ್ದು ಹೋಗಿ ನಿಲ್ಲಿಸಿ ಎನ್ನಬಹುದಿತ್ತು. ಹನ್ನೆರಡು ಮೆಟ್ಟಿಲು, ಅಷ್ಟೇ. ಆದರೆ ಸೋಮವಾರದಿಂದ ನನ್ನನ್ನು ಡಿಸೈನ್ ಇನ್‌ಚಾರ್ಜ್ ಮಾಡುತ್ತೇನೆಂದು ಓನರ್ ಹೇಳಿದ್ದರು. ಅದು ಆಗಲಿ, ಆಮೇಲೆ ಏನೋ ನೆಪ ಹೇಳಿ ಪ್ಲೇಟು ಬದಲಾಯಿಸಿದರಾಯಿತು — ಮೂರು ವಾರ ತಡೆದದ್ದು ಇನ್ನು ನಾಲ್ಕು ದಿನ ತಡೆಯುವುದಿಲ್ಲವೇ... ಶುಕ್ರವಾರ ಚೈನ್ ಎಷ್ಟು ಸಲ ಓಡಿತೋ ಅಷ್ಟೂ ಸಲ ನನ್ನ ಬೆರಳು ಮೌಸ್ ಮೇಲೆ ನಿಂತುಹೋಯಿತು. ಶನಿವಾರ ಮಧ್ಯಾಹ್ನ ಪ್ಲೇಟಿನ ಕಡೆಯಿಂದ ಸಣ್ಣಗೆ ಕಿರ್ ಎಂದದ್ದು ನನಗೆ ಕೇಳಿಸಿತು. ನೀವು ತಲೆಯೆತ್ತಿ ನೋಡಿದಿರಿ. ಗಾಜಿನ ಆಚೆಯಿಂದ ನಾನೂ ನೋಡಿದೆ. ಭಾನುವಾರ ಹನುಮಂತನಗರದ ಗುಡ್ಡ ಹತ್ತಿ ದೇವರಿಗೆ ಕೈಮುಗಿದು ಬಂದೆ. ನಿಮಗೆ ಒಂದು ಫೋನ್ ಮಾಡಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತೂವರೆ. ಪ್ಲೇಟು ಹರಿಯಿತು. ಡೈ ನಿಮ್ಮ ಬಲಗೈ ಮೇಲೆ ಬಿತ್ತು.

ಎಲ್ಲರೂ ನಿಮ್ಮನ್ನು ಎತ್ತಿಕೊಂಡು ಆಟೋ ಕಡೆ ಓಡಿದರು. ನಾನು ಓಡಲಿಲ್ಲ. ಗೆರೆಯನ್ನು ನಲವತ್ತಕ್ಕೆ ಸರಿಸಿ, ಹೊಸ ಪ್ರಿಂಟ್ ತೆಗೆದು, ನಿಮ್ಮ ಮೆಷಿನ್ ಪಕ್ಕದ ಕ್ಲಿಪ್ಪಿನಲ್ಲಿದ್ದ ಹಳೆಯ ಹಾಳೆ ಕಿತ್ತು ಹೊಸದನ್ನು ಸಿಕ್ಕಿಸಿದೆ. ನೆಲದ ಮೇಲಿನ ರಕ್ತವನ್ನು ದಾಟಿಯೇ ಹೋದೆ. ಮಧ್ಯಾಹ್ನ ಓನರ್ ಹರಿದ ಪ್ಲೇಟನ್ನೂ ಆ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ, "ಇಷ್ಟ್ ವರ್ಷ ಆದ್ರೂ ಹಿಂಗ್ ಕೊರೀತಾನಲ್ಲ," ಎಂದರು. ನಾನು ಹೌದೆನ್ನಲಿಲ್ಲ. ಅಲ್ಲವೆಂದೂ ಅನ್ನಲಿಲ್ಲ.

ಮೂರನೆಯ ದಿನ ಆಸ್ಪತ್ರೆಗೆ ಬಂದೆ. ನಿಮ್ಮ ಮೂರು ಬೆರಳು ಹೋಗಿದ್ದವು. ಹಾಳೆಯಲ್ಲಿ ನಲವತ್ತು ಇದೆ ಎಂದು ಓನರ್ ಆಗಲೇ ಹೇಳಿಹೋಗಿದ್ದರು; ನೀವು ಕೇಳಿದ್ದು ಬೆರಳಿನ ಬಗ್ಗೆ ಅಲ್ಲ.

"ಮೇಡಂ, ನಾನು ಐವತ್ತು ಅಂತ ಓದಿದ್ದೆ. ಮೇಲೆ ಬಂದು ನಿಮ್ಮನ್ನ ಕೇಳ್ದೆ ಅಲ್ವಾ?"

ನಿಮ್ಮ ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದರು.

"ಇಲ್ಲ ಅಣ್ಣ," ಎಂದೆ. "ನನಗೆ ಹಾಗೇನೂ ನೆನಪಿಲ್ಲ."

ನೆನಪಿತ್ತು. ನೀವು ಹಾಳೆ ಮಡಿಸಿಕೊಂಡ ರೀತಿಯೂ ನೆನಪಿತ್ತು. ನೀವು ಕಟ್ಟು ಹಾಕಿದ ಕೈಯನ್ನು ನೋಡಿಕೊಂಡಿರಿ. ಆಮೇಲೆ, "ಹಂಗಾದ್ರೆ ನಾನೇ ಎಡವಿದೀನಿ," ಎಂದಿರಿ. ನಿಮ್ಮ ಬೆರಳು ತೆಗೆದದ್ದು ಆ ಡೈ. ನಿಮ್ಮ ಮೇಲೆ ನಿಮಗಿದ್ದ ನಂಬಿಕೆಯನ್ನು ತೆಗೆದವಳು ನಾನು — ಹಾಸಿಗೆಯ ಪಕ್ಕ ಕೂತು, ಸೇಬಿನ ಚೀಲ ತೊಡೆಯ ಮೇಲಿಟ್ಟುಕೊಂಡು.

ನಾನು ಇನ್‌ಚಾರ್ಜ್ ಆದೆ. ನಿಮ್ಮನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ.

ಹೋದ ತಿಂಗಳು ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿಗೆ ಗೆಳತಿಯನ್ನು ನೋಡಲು ಬಂದಾಗ ಗೇಟಿನಲ್ಲಿ ನೀವಿದ್ದಿರಿ, ಎಡಗೈಯಲ್ಲಿ ರಿಜಿಸ್ಟರ್ ಬರೆಯುತ್ತ. ನನ್ನನ್ನು ಕಂಡು ನಿಮಗೆ ಎಷ್ಟು ಖುಷಿಯಾಯಿತು! ಪಕ್ಕದ ವಾಚ್‌ಮನ್‌ಗೆ ಹೇಳಿದಿರಿ: "ನಮ್ ಮೇಡಂ ಕಣಪ್ಪಾ. ಇವ್ರ ಡ್ರಾಯಿಂಗ್ ಸರಿಯಾಗೇ ಇತ್ತು. ನಾನೇ ತಪ್ಪು ಕೊರ್ದು ಕೈ ಕಳ್ಕೊಂಡೆ."

ನಾನು ನಕ್ಕೆ. ಅಣ್ಣ, ನಾನು ನಕ್ಕು ಒಳಗೆ ಹೋದೆ.

ನಿನ್ನೆ ಓನರ್ ಮುಂದೆ ನಡೆದದ್ದನ್ನೆಲ್ಲ ಹೇಳಿ, ಬರೆದು ಸಹಿ ಮಾಡಿ ಕೊಟ್ಟೆ. "ಈಗ್ಯಾಕ್ ಮೇಡಂ ಅದನ್ನೆಲ್ಲ ಕೆದಕ್ತೀರಾ?" ಎಂದರು. ಅದರ ಪ್ರತಿ ನನ್ನ ಹತ್ತಿರ ಇದೆ, ನಿಮಗೆ ಕೊಡುತ್ತೇನೆ. ಅದನ್ನು ಯಾರಿಗೆ ತೋರಿಸಬೇಕು, ನನ್ನನ್ನು ಏನು ಮಾಡಬೇಕು, ನಿಮಗೆ ಬಿಟ್ಟದ್ದು.

ಆದರೆ ಇದನ್ನು ಬರೀ ಕಾಗದದಲ್ಲಿ ಕಳಿಸಿ ತಪ್ಪಿಸಿಕೊಳ್ಳುವುದಿಲ್ಲ. ನಾಳೆ ಬೆಳಿಗ್ಗೆ ನಿಮ್ಮ ಮನೆಗೆ, ಕತ್ರಿಗುಪ್ಪೆಗೆ ಬರುತ್ತೇನೆ. ನಿಮ್ಮ ಹೆಂಡತಿಯ ಎದುರಿಗೇ ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಒಳಗೆ ಕರೆಯಬೇಡಿ. ಹೊಸಿಲಿನ ಆಚೆಯೇ ನಿಂತು ಹೇಳುತ್ತೇನೆ.